ಕಣ ವೇಗವರ್ಧಕಗಳಿಗೆ ಕ್ಷೇತ್ರ ಉತ್ಸರ್ಜನೆಯ ಎಲೆಕ್ಟ್ರಾನ್ ಮೂಲವನ್ನು ರೂಪಿಸುವುದು ಏಕೆ ಕಷ್ಟ?

ಎಲೆಕ್ಟ್ರಾನುಗಳನ್ನು ಹೊರಗೆಳೆಯುವುದು ಕಷ್ಟವಲ್ಲ, ಹದದಲ್ಲಿಡುವುದು ಕಷ್ಟ. ಸಾಮಾನ್ಯವಾಗಿ ಎಲೆಕ್ಟ್ರಾನು ಹೊಮ್ಮಿಸುವ ಋಣ ಧ್ರುವವಾದ ಕ್ಯಾಥೋಡನ್ನು ಸಾವಿರ ಡಿಗ್ರಿಗೂ ಮೀರಿ ಕಾಯಿಸುತ್ತಾರೆ, ಇಲ್ಲವೇ ಅದರ ಮೇಲೆ ಲೇಸರ್ ಹಾಯಿಸುತ್ತಾರೆ. ಕ್ಷೇತ್ರ ಉತ್ಸರ್ಜನೆಗೆ ಇವೆರಡೂ ಬೇಡ. ಪ್ರಬಲ ವಿದ್ಯುತ್ ಕ್ಷೇತ್ರ ಲೋಹದ ಅಂಚಿನಲ್ಲಿರುವ ಶಕ್ತಿಯ ತಡೆಗೋಡೆಯನ್ನು ಎಷ್ಟು ತೆಳುವಾಗಿಸುತ್ತದೆಂದರೆ, ಎಲೆಕ್ಟ್ರಾನುಗಳು ಅದನ್ನು ಹತ್ತದೆ ಸುರಂಗ ಹೊಕ್ಕಂತೆ ದಾಟುತ್ತವೆ. ಫೌಲರ್ ಮತ್ತು ನಾರ್ಡ್‌ಹೈಮ್ 1928ರಲ್ಲೇ ಇದರ ಸೂತ್ರ ಕೊಟ್ಟಿದ್ದರು.

ಇದಕ್ಕೆ ಮೀಟರಿಗೆ ಕೆಲವು ನೂರು ಕೋಟಿ ವೋಲ್ಟ್ ಕ್ಷೇತ್ರ ಬೇಕು. ಎಲೆಕ್ಟ್ರಾನುಗಳನ್ನು ರೇಡಿಯೋ ತರಂಗದಿಂದ ಮುಂದಕ್ಕೆ ತಳ್ಳುವ ಗನ್ನಿನಲ್ಲಿ ಸಿಗುವುದು ಕೆಲವೇ ಕೋಟಿ. ಉಳಿದ ನೂರು ಪಟ್ಟು ಬರುವುದು ಮೊನೆಯಿಂದ: ಸೂಜಿ ಚೂಪಾದಷ್ಟೂ ಕ್ಷೇತ್ರ ಅಲ್ಲಿ ದಟ್ಟೈಸುತ್ತದೆ. ಕಾರ್ಬನ್ ನ್ಯಾನೋಕೊಳವೆ, ನ್ಯಾನೋವಜ್ರದ ಪದರ, ಲೋಹದ ಸೂಕ್ಷ್ಮ ಮೊನೆಗಳ ಸಾಲು ಇವೆಲ್ಲ ಅದಕ್ಕೇ.

ನಿಜವಾದ ತಲೆನೋವು ಇಲ್ಲಿಂದ. ಪ್ರವಾಹವು ಕ್ಷೇತ್ರಕ್ಕೆ ಘಾತೀಯವಾಗಿ ಸ್ಪಂದಿಸುವುದರಿಂದ, ಸಾವಿರ ಮೊನೆಗಳಲ್ಲಿ ತುಸು ಎತ್ತರವಾದ ನಾಲ್ಕಾರು ಮೊನೆಗಳೇ ಹೊರೆಯನ್ನೆಲ್ಲ ಹೊತ್ತು, ಕಾದು, ಸಿಡಿಯುತ್ತವೆ. ಕೆಲವೊಮ್ಮೆ ನಿರ್ವಾತದಲ್ಲೇ ಕಿಡಿ ಹಾರುತ್ತದೆ. ಉಳಿಕೆ ಅನಿಲದ ಅಯಾನುಗಳೂ ಮೊನೆಯನ್ನು ಸವೆಸುತ್ತವೆ. ಜೊತೆಗೆ, ಲೇಸರಿನಂತೆ ಬೇಕೆಂದ ಕ್ಷಣಕ್ಕೆ ಮಾತ್ರ ತೆರೆಯುವ ಕೀಲಿ ಇಲ್ಲಿಲ್ಲ. ತರಂಗದ ಶಿಖರದ ಆಚೀಚೆಯೂ ಎಲೆಕ್ಟ್ರಾನುಗಳು ಹೊರಡುತ್ತವೆ, ತಡವಾದವು ಮರಳಿ ಕ್ಯಾಥೋಡಿಗೇ ಬಡಿಯುತ್ತವೆ.

ತಮಾಷೆಯೆಂದರೆ, ವೇಗವರ್ಧಕದ ಬೇರೆಡೆ ಇದೇ ವಿದ್ಯಮಾನ ಶತ್ರು. ಕಣಗಳಿಗೆ ವೇಗ ಕೊಡುವ ಲೋಹದ ಟೊಳ್ಳಾದ ಕುಹರದ ಗೋಡೆಯಲ್ಲೊಂದು ಧೂಳಿನ ಕಣವಿದ್ದರೂ ಬೇಡದ ಪ್ರವಾಹ ಹರಿಯಬಹುದು. ನನ್ನ ಮಟ್ಟಿಗೆ, ಅತಿ ಸಾಂದ್ರ ಕಿರಣಪುಂಜ ಬೇಕಾದಲ್ಲಿ ಲೇಸರೇ ಲೇಸು. ಸಣ್ಣ ಕೈಗಾರಿಕಾ ಯಂತ್ರಗಳಲ್ಲಿ ಕ್ಷೇತ್ರ ಉತ್ಸರ್ಜನೆಯ ಸರಳತೆಗೆ ಹೆಚ್ಚು ಬೆಲೆಯಿದೆ.