ಮರುಭೂಮಿಯಲ್ಲಿ ಐಷಾರಾಮಿ ಲಾಡ್ಜ್‌ಗಳಿದ್ದರೂ ಕಾಡುಪ್ರಾಣಿಗಳು ಉಳಿಯಲು ಸಾಧ್ಯವಾ?

ಸಾಧ್ಯ, ಆದರೆ ಎಷ್ಟು ಜನ ತಂಗಬಹುದು ಅನ್ನೋದನ್ನು ಮೊದಲೇ ಗಟ್ಟಿಯಾಗಿ ನಿಗದಿ ಮಾಡಬೇಕು. ನಮೀಬಿಯಾದ ನಮೀಬ್‌ರ‍್ಯಾಂಡ್ ಎಂಬ ಖಾಸಗಿ ಸಂರಕ್ಷಿತ ಪ್ರದೇಶವನ್ನೇ ನೋಡಿ. ಅಲ್ಲಿ ಸುಮಾರು 1,000 ಹೆಕ್ಟೇರ್‌ಗೆ ಒಂದೇ ಹಾಸಿಗೆ. ಒಂದು ಜಾಗದಲ್ಲಿ 25ಕ್ಕಿಂತ ಜಾಸ್ತಿ ಇಲ್ಲ. ಅತಿಥಿಗಳು ಕಡಿಮೆ, ಬಾಡಿಗೆ ಜಾಸ್ತಿ. ಅವರಿಂದ ಬರುವ ಶುಲ್ಕವೇ ಸಂರಕ್ಷಣೆಯ ಖರ್ಚಿಗೆ ಆಧಾರ.

ಇಷ್ಟು ಬಿಗಿ ಯಾಕೆ? ಮರುಭೂಮಿಯಲ್ಲಿ ಮಳೆ ಎಲ್ಲೋ ಒಂದು ಕಡೆ ಬೀಳುತ್ತದೆ. ಹುಲ್ಲು ಚಿಗುರಿದ ಕಡೆಗೆ ಓರಿಕ್ಸ್ ಎಂಬ ಉದ್ದ ಕೊಂಬಿನ ಹುಲ್ಲೆಗಳು ಬಹುದೂರ ನಡೆಯಲೇಬೇಕು. ಬೇಲಿ ಅಡ್ಡ ಬಂದರೆ ಹಸಿವಿನಿಂದ ಸಾಯುತ್ತವೆ. ಅದಕ್ಕೇ ಹಳೆಯ ಕುರಿ ಫಾರ್ಮ್‌ಗಳ ಬೇಲಿಗಳನ್ನು ಅಲ್ಲಿ ಕಿತ್ತುಹಾಕಿದರು. ನನ್ನ ಪ್ರಕಾರ ಹಾಸಿಗೆಯ ಮಿತಿಗಿಂತ ಇದೇ ದೊಡ್ಡ ಕೆಲಸ. ವಾಹನಗಳೂ ದಾರಿ ಬಿಟ್ಟು ಇಳಿಯಬಾರದು. ಜಲ್ಲಿಕಲ್ಲಿನ ಬಯಲಲ್ಲಿ ಟೈರ್ ಗುರುತು ಹತ್ತಾರು ವರ್ಷ ಅಳಿಯುವುದಿಲ್ಲ.