ಮೈನ್‌ಕ್ರಾಫ್ಟ್ ಕುರಿಗೆ ಅಡ್ಡ ನಿಂತರೆ ಸಾಲದು

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವನು, ಚಿಕ್ಕಂದಿನಲ್ಲಿ ದನ ಕುರಿ ಕಾಯ್ದವನು. ಈಗ ಮಗಳು ಮತ್ತು ಅವಳ ಗೆಳತಿಯರ ಜೊತೆ ಅವರ ಸರ್ವರ್‌ನಲ್ಲಿ, ಅಂದರೆ ಎಲ್ಲರೂ ಒಟ್ಟಿಗೆ ಸೇರುವ ಆಟದ ಲೋಕದಲ್ಲಿ, ಮೈನ್‌ಕ್ರಾಫ್ಟ್ ಆಡುತ್ತೇನೆ. ಗುಡ್ಡದ ಮೇಲಿನ ಕುರಿಗಳನ್ನು ನಮ್ಮ ದೊಡ್ಡಿಗೆ ಹೊಡೆದುಕೊಂಡು ಬರಬೇಕು, ಆದರೆ ಆಸೆ ತೋರಿಸಿ ಹಿಂದೆ ಕರೆತರಲು ಕೈಯಲ್ಲಿ ಗೋಧಿ ಇಲ್ಲ. ಊರಿನಲ್ಲಿ ಮಾಡುತ್ತಿದ್ದಂತೆ ಎಡಬಲದಲ್ಲಿ ಇಬ್ಬರು ನಿಂತು, ಹಿಂದಿನಿಂದ ಒಬ್ಬರು ಬಂದೆವು. ಕುರಿ ನಮಗೆ ಒರಸಿಕೊಂಡೇ ಆಚೆ ದಾಟಿ ಹೋಗುತ್ತದೆ. ಅಡ್ಡಗಟ್ಟುವುದು ಹೇಗೆ?

ಉತ್ತರ: ನೀವು ಮಾಡಿದ ಕ್ರಮ ಜೀವಂತ ಕುರಿಯ ಮಟ್ಟಿಗೆ ಪೂರ್ತಿ ಸರಿ. ನಿಜವಾದ ಪ್ರಾಣಿಯ ಸುತ್ತ ಅಂಜಿಕೆಯ ಒಂದು ವಲಯವಿರುತ್ತದೆ. ಅದರ ಅಂಚಿನೊಳಗೆ ಕಾಲಿಟ್ಟರೆ ಪ್ರಾಣಿ ಸರಿಯುತ್ತದೆ, ನೀವು ಹಿಂದೆ ಸರಿದರೆ ನಿಲ್ಲುತ್ತದೆ. ಹೆಗಲಿನ ಹಿಂದೆ ಬಂದರೆ ಮುಂದಕ್ಕೆ ಹೋಗುತ್ತದೆ, ಹೆಗಲಿನ ಮುಂದೆ ಬಂದರೆ ಹಿಂದಕ್ಕೆ ಸರಿಯುತ್ತದೆ. ಅಮೆರಿಕದ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಟೆಂಪಲ್ ಗ್ರ್ಯಾಂಡಿನ್ ದನಗಳ ದೊಡ್ಡಿ ಮತ್ತು ಓಣಿಗಳ ವಿನ್ಯಾಸದಲ್ಲಿ ಬಳಸಿದ್ದು ಇದೇ ತಿಳಿವಳಿಕೆಯನ್ನು. ನಮ್ಮ ಕುರಿಗಾಹಿಗಳಿಗೆ ಇದು ಯಾರೂ ಹೇಳಿಕೊಡದೆ ಬಂದಿರುವ ವಿದ್ಯೆ.

ಮೈನ್‌ಕ್ರಾಫ್ಟ್‌ನ ಕುರಿಗೆ ಆ ಅಂಜಿಕೆಯೇ ಇಲ್ಲ. ಹತ್ತಿರ ಹೋದರೆ ಕತ್ತು ತಿರುಗಿಸಿ ನಿಮ್ಮನ್ನು ನೋಡುತ್ತದೆ, ಅಷ್ಟೇ. ಅದು ಆಗಾಗ ಸುತ್ತಮುತ್ತಲಿನ ಯಾವುದೋ ಒಂದು ಜಾಗವನ್ನು ಆರಿಸಿಕೊಂಡು ಅಲ್ಲಿಗೆ ದಾರಿ ಲೆಕ್ಕ ಹಾಕುತ್ತದೆ. ಆ ಲೆಕ್ಕದಲ್ಲಿ ಗೋಡೆ, ಬೇಲಿ, ನೀರು, ಲಾವಾ, ಕಡಿದಾದ ಇಳಿಜಾರು ಎಲ್ಲವೂ ಬರುತ್ತವೆ. ನೀವು ಬರುವುದಿಲ್ಲ. ಆಟಗಾರನ ಮೈ ಕುರಿಯನ್ನು ಪಕ್ಕಕ್ಕೆ ತಳ್ಳುತ್ತದೆಯೇ ಹೊರತು ತಡೆಯುವುದಿಲ್ಲ. ಹಾಗಾಗಿ ಮೂವರಲ್ಲ, ಹತ್ತು ಜನ ಸಾಲಾಗಿ ನಿಂತರೂ ಅದು ಸಂದಿಯಲ್ಲಿ ನುಸುಳಿಕೊಂಡು ಹೋಗುತ್ತದೆ. ಮೊಲ, ನರಿಗಳಂಥ ಕೆಲವು ಪ್ರಾಣಿಗಳು ಮಾತ್ರ ಆಟಗಾರನನ್ನು ಕಂಡರೆ ಓಡುತ್ತವೆ. ನಿಮ್ಮ ಊರಿನ ವಿದ್ಯೆ ಅಲ್ಲಿ ನಡೆದೀತು.

ಹೊಡೆದು ಓಡಿಸುವ ಯೋಚನೆಯನ್ನಂತೂ ಬಿಟ್ಟುಬಿಡಿ. ಏಟು ತಿಂದ ಕುರಿ ನಿಮ್ಮಿಂದ ದೂರಕ್ಕೇ ಓಡುತ್ತದೆ ಎಂಬ ಖಾತರಿಯಿಲ್ಲ, ಗಾಬರಿಯಲ್ಲಿ ಯಾವ ದಿಕ್ಕಿಗಾದರೂ ನುಗ್ಗುತ್ತದೆ. ಆಟದಲ್ಲಿ ಜೀವವನ್ನು ಅಳೆಯುವುದು ಹೃದಯಗಳಲ್ಲಿ, ಕುರಿಗಿರುವುದು ನಾಲ್ಕೇ ಹೃದಯ, ಬರಿಗೈಯ ಒಂದು ಗುದ್ದಿಗೆ ಅರ್ಧ ಹೃದಯ ಹೋಗುತ್ತದೆ. ಎಂಟನೆಯ ಗುದ್ದಿಗೆ ನಿಮ್ಮ ಕೈಯಲ್ಲಿ ಉಳಿಯುವುದು ಉಣ್ಣೆ ಮತ್ತು ಮಾಂಸ.

ಈ ಆಟದಲ್ಲಿ ಅಡ್ಡಗಟ್ಟಬೇಕಾದದ್ದು ಪ್ರಾಣಿಯನ್ನಲ್ಲ, ಅದರ ಮುಂದಿರುವ ದಾರಿಗಳನ್ನು. ಅದಕ್ಕೆ ಮರದ ಬೇಲಿಯಷ್ಟು ಒಳ್ಳೆಯ ಸಾಧನ ಬೇರೊಂದಿಲ್ಲ. ನೋಡಲು ಒಂದು ಬ್ಲಾಕ್ (ಆಟದ ಲೋಕವನ್ನು ಕಟ್ಟಿರುವ ಚೌಕದ ತುಂಡು) ಎತ್ತರವಿದ್ದರೂ ಬೇಲಿ ಒಂದೂವರೆ ಬ್ಲಾಕ್ ಎತ್ತರದವರೆಗೆ ತಡೆಯುತ್ತದೆ. ಕುರಿ ಹತ್ತಬಲ್ಲದ್ದು ಒಂದು ಬ್ಲಾಕ್ ಮಾತ್ರ. ಅದಕ್ಕೇ ಒಂದು ಮಣ್ಣಿನ ಬ್ಲಾಕ್ ಇಟ್ಟರೆ ಹತ್ತಿಬಿಡುತ್ತದೆ, ಬೇಲಿ ಇಟ್ಟರೆ ನಿಲ್ಲುತ್ತದೆ.

ಕೆಲಸ ಹೀಗೆ ಮಾಡಿ. ದೊಡ್ಡಿಯ ಗೇಟಿನಿಂದ ಗುಡ್ಡದ ಕಡೆಗೆ ಎರಡು ಸಾಲು ಬೇಲಿ ಎಳೆಯಿರಿ. ಗುಡ್ಡದ ಕಡೆ ಬಾಯಿ ಅಗಲವಾಗಿರಲಿ, ಬರಬರುತ್ತಾ ಕಿರಿದಾಗುತ್ತಾ ಕೊನೆಯಲ್ಲಿ ಒಂದೇ ಬ್ಲಾಕ್ ಅಗಲದ ಓಣಿಯಾಗಲಿ. ಕುರಿಯ ಮೈ ಒಂದು ಬ್ಲಾಕ್‌ಗಿಂತ ತುಸು ಕಡಿಮೆ ಅಗಲ, ಆದ್ದರಿಂದ ಓಣಿಯಲ್ಲಿ ಅದು ಸಲೀಸಾಗಿ ನಡೆಯುತ್ತದೆ, ಆದರೆ ಪಕ್ಕಕ್ಕೆ ಜಾರಲು ಎಡೆಯಿಲ್ಲ. ಬಯಲಿನಲ್ಲಿ ಕೆಲಸಕ್ಕೆ ಬಾರದ ನಿಮ್ಮ ತಳ್ಳುವಿಕೆ ಈಗ ಕೆಲಸಕ್ಕೆ ಬರುತ್ತದೆ. ಕುರಿ ನಾಲ್ಕು ಹೆಜ್ಜೆ ಮುಂದೆ ಹೋದೊಡನೆ ಅದರ ಹಿಂದೆ ಓಣಿಗೆ ಅಡ್ಡಲಾಗಿ ಒಂದು ಬೇಲಿ ಇಡಿ. ಅದು ಹಿಂದಿರುಗುವ ದಾರಿ ಮುಚ್ಚಿತು. ಇನ್ನಷ್ಟು ಮುಂದೆ ಹೋದ ಮೇಲೆ ಇನ್ನೊಂದು ಬೇಲಿ ಇಟ್ಟು ಹಳೆಯದನ್ನು ಕಿತ್ತುಕೊಳ್ಳಿ. ಮಗಳು ಒಂದು ಬದಿಯಲ್ಲಿ ಬೇಲಿ ಇಡುತ್ತಾ, ನೀವು ತಳ್ಳುತ್ತಾ ಸಾಗಿದರೆ ಸೊಗಸಾಗಿ ನಡೆಯುತ್ತದೆ. ಇಬ್ಬರು ಒಟ್ಟಿಗೆ ಆಡುವಾಗ ಇದಕ್ಕಿಂತ ಖುಷಿಯ ಕೆಲಸ ಈ ಆಟದಲ್ಲಿ ಕಡಿಮೆ ಎಂದೇ ನನ್ನ ಅಭಿಪ್ರಾಯ.

ತಳ್ಳುವುದು ಬೇಸರವಾದರೆ ಬಕೆಟ್ ನೀರು ಬಳಸಿ. ಸಮತಟ್ಟು ನೆಲದಲ್ಲಿ ಸುರಿದ ನೀರು 7 ಬ್ಲಾಕ್‌ವರೆಗೆ ಹರಿದು ಕುರಿಯನ್ನು ತನ್ನ ಜೊತೆ ಒಯ್ಯುತ್ತದೆ. ಓಣಿಯೊಳಗೆ ಇದು ಚೆನ್ನಾಗಿ ನಡೆಯುತ್ತದೆ. ಅವಸರವಿಲ್ಲದಿದ್ದರೆ ಗುಡ್ಡದ ಮೇಲೆಯೇ ಎರಡು ಬ್ಲಾಕ್ ಆಳದ ಕಂದಕ ತೋಡಿ. ಮೂರು ಬ್ಲಾಕ್‌ವರೆಗಿನ ಇಳಿತಕ್ಕೆ ಕುರಿ ಹೆದರುವುದಿಲ್ಲ, ಪೆಟ್ಟೂ ಆಗುವುದಿಲ್ಲ. ಅಲೆಯುತ್ತಾ ತಾನಾಗಿ ಇಳಿಯುತ್ತದೆ, ಮೇಲೆ ಹತ್ತಲಾರದು. ಆದರೆ ನೀವು ಆಸುಪಾಸಿನಲ್ಲೇ ಇರಬೇಕು. ಆಟಗಾರರೆಲ್ಲ 32 ಬ್ಲಾಕ್‌ಗಿಂತ ದೂರ ಹೋದರೆ ಪ್ರಾಣಿಗಳು ಅಲೆಯುವುದನ್ನೇ ನಿಲ್ಲಿಸುತ್ತವೆ. ರಾತ್ರಿಯಿಡೀ ಗಣಿಯಲ್ಲಿದ್ದು ಬಂದು, ಕಂದಕ ಖಾಲಿ ಏಕೆ ಎಂದು ಕೇಳುವವರು ಬಹಳ.

ನಡುವೆ ಹೊಳೆ ಇದ್ದರೆ ದೋಣಿಯೇ ಸರಿ. ಖಾಲಿ ದೋಣಿಯನ್ನು ಕುರಿಯ ಮುಂದೆ ಇಟ್ಟರೆ ತಾಗಿದೊಡನೆ ಕುರಿ ಅದರಲ್ಲಿ ಕುಳಿತುಬಿಡುತ್ತದೆ. ಆಮೇಲೆ ನೀವು ಹತ್ತಿ ಹುಟ್ಟು ಹಾಕಿ. ನೆಲದ ಮೇಲೂ ದೋಣಿ ತೆವಳುತ್ತದೆ, ಆದರೆ ಒಂದು ಬ್ಲಾಕ್ ಏರನ್ನೂ ಹತ್ತುವುದಿಲ್ಲ. ದೋಣಿ ಒಡೆದರೆ ಕುರಿ ಇಳಿಯುತ್ತದೆ.

ಪ್ರಶ್ನೆ: ಬೇಲಿ ಸರಿಯಾಗಿಯೇ ಇದೆ. ಆದರೂ ದನಗಳು ಹೊರಗೆ ಬರುತ್ತಿವೆ. ಸರ್ವರ್‌ನಲ್ಲಿ ಯಾರೋ ಬೇಕೆಂದೇ ಬಿಡುತ್ತಿದ್ದಾರೆಯೇ?

ಉತ್ತರ: ಜೊತೆಗಾರರ ಮೇಲೆ ಸಂಶಯ ಪಡುವ ಮೊದಲು ದೊಡ್ಡಿಯ ಒಳಬದಿಯನ್ನು ನೋಡಿ. ಬೇಲಿಗೆ ಅಂಟಿದಂತೆ ಒಳಗೆ ಒಂದೇ ಒಂದು ಬ್ಲಾಕ್ ಇದ್ದರೂ ಸಾಕು, ಅದರ ಮೇಲೆ ನಿಂತ ದನಕ್ಕೆ ಬೇಲಿ ಅರ್ಧ ಬ್ಲಾಕ್ ಎತ್ತರವಷ್ಟೇ. ಹುಲ್ಲಿನ ಬಣವೆಯನ್ನು ಅಲ್ಲಿಟ್ಟವರು ಬಹುಶಃ ನೀವೇ ಇರಬಹುದು. ಏರುತಗ್ಗಿನ ನೆಲದಲ್ಲಿ ದೊಡ್ಡಿ ಕಟ್ಟಿದ್ದರೆ ಮಣ್ಣೇ ಆ ಮೆಟ್ಟಿಲಾಗಿರುತ್ತದೆ. ಗೇಟು ಇನ್ನೊಂದು ದಾರಿ: ನೀವು ಒಳಗೆ ಹೋಗುವಷ್ಟರಲ್ಲಿ ಒಂದು ಹೊರಗೆ ಬಂದಿರುತ್ತದೆ. ಗೇಟಿನ ಬದಲು ಒಂದು ಬೇಲಿಯ ತಲೆಯ ಮೇಲೆ ಕಾರ್ಪೆಟ್ ಹಾಸಿ. ಅದರ ಮೇಲೆ ನೀವು ಜಿಗಿದು ದಾಟಬಹುದು, ದನಗಳು ದಾಟುವುದಿಲ್ಲ.

ಪ್ರಶ್ನೆ: ಆಡುಗಳಿಗೂ ಇದೇ ಬೇಲಿ ಸಾಕೇ?

ಉತ್ತರ: ಸಾಲದು. 2021ರಲ್ಲಿ ಆಟಕ್ಕೆ ಬಂದ ಆಡು ಆಗೊಮ್ಮೆ ಈಗೊಮ್ಮೆ ಐದು ಬ್ಲಾಕ್‌ಗೂ ಮೀರಿ ನೆಗೆಯುತ್ತದೆ. ದೊಡ್ಡಿಗೆ ಮೇಲ್ಛಾವಣಿ ಹಾಕಿ. ಹಾಗೆಂದು ಜಾಗ ಉಳಿಸಲು ಒಂದೇ ಬ್ಲಾಕ್‌ನೊಳಗೆ ಹಿಂಡನ್ನೆಲ್ಲ ತುಂಬಬೇಡಿ. ಕಂಪ್ಯೂಟರಿನಲ್ಲಿ ಆಡುವ ಜಾವಾ ಆವೃತ್ತಿಯಲ್ಲಿ ಒಂದೇ ಜಾಗಕ್ಕೆ 24 ಪ್ರಾಣಿಗಳ ಮಿತಿ ಇದೆ, ಅದನ್ನು ಮೀರಿ ಒತ್ತೊತ್ತಾಗಿ ನಿಂತ ಪ್ರಾಣಿಗಳು ಉಸಿರುಗಟ್ಟಿ ಸಾಯತೊಡಗುತ್ತವೆ.