ಖಯ್ಯಾಮನ ಹೆಸರಿನಲ್ಲಿ ಬಂದದ್ದೆಲ್ಲ ಖಯ್ಯಾಮನದಲ್ಲ

ಪ್ರಶ್ನೆ: ಪಾರಸಿ ಪಂಡಿತ ಉಮರ್ ಖಯ್ಯಾಮ್ ಬರೆದ ರುಬಾಯಿಗಳು (ನಾಲ್ಕು ಸಾಲಿನ ಪದ್ಯಗಳು) ಒಟ್ಟು ಎಷ್ಟು?

ಉತ್ತರ: ಮಧುಪಾತ್ರೆಯ ಚಿತ್ರದ ಮೇಲೆ ನಾಲ್ಕು ಸಾಲು ಅಂಟಿಸಿ ‘ಇದು ಅವನದೇ ತಾನೇ’ ಎಂದು ವಾಟ್ಸ್ಆ್ಯಪ್‌ನಲ್ಲಿ ಕೇಳುವವರಿಗೂ ಇದೇ ಉತ್ತರ. ಸಂಖ್ಯೆ ಹೇಳುವವನನ್ನು ನಂಬಬೇಡಿ. ಖಯ್ಯಾಮ್ ಇರಾನಿನ ನಿಶಾಪುರದಲ್ಲಿ ತೀರಿಕೊಂಡದ್ದು 1131ರಲ್ಲಿ. ಅವನನ್ನು ಕಣ್ಣಾರೆ ಕಂಡಿದ್ದ ಲೇಖಕ ನಿಜಾಮಿ ಅರೂಜಿ ತನ್ನ ‘ಚಹಾರ್ ಮಖಾಲಾ’ ಗ್ರಂಥದಲ್ಲಿ ಅವನನ್ನು ಕೂರಿಸಿದ್ದು ಜ್ಯೋತಿಷಿಗಳ ಅಧ್ಯಾಯದಲ್ಲಿ. ಅದರ ಹಿಂದಿನದೇ ಕವಿಗಳ ಅಧ್ಯಾಯ, ಅಲ್ಲಿ ಖಯ್ಯಾಮನ ಸುಳಿವಿಲ್ಲ. ಇಂಗ್ಲಿಷ್ ಕವಿ ಫಿಟ್ಸ್‌ಜೆರಾಲ್ಡ್ ಈ ಪದ್ಯಗಳನ್ನು ಇಂಗ್ಲಿಷಿಗೆ ತರಲು ನೆಚ್ಚಿಕೊಂಡ ಆಕ್ಸ್‌ಫರ್ಡಿನ ಹಸ್ತಪ್ರತಿ 1460ರದು, ಅದರಲ್ಲಿ 158 ಪದ್ಯಗಳಿವೆ. ಆಮೇಲಿನ ಪ್ರತಿಗಳು ಊದಿಕೊಳ್ಳುತ್ತಲೇ ಹೋದವು. ರಷ್ಯದ ವಿದ್ವಾಂಸ ಝುಕೋವ್‌ಸ್ಕಿ 1897ರಲ್ಲಿ ಜಾಲಾಡಿ ನೋಡಿದಾಗ 82 ರುಬಾಯಿಗಳು ಬೇರೆ ಕವಿಗಳ ಹೆಸರಿನಲ್ಲೂ ಸಿಕ್ಕವು. ದೇವರನ್ನೇ ಕೆಣಕುವ ಪದ್ಯ ಬರೆದವನಿಗೆ, ಎಂದೋ ಸತ್ತ ಪಂಡಿತನ ಹೆಸರಿಗಿಂತ ಸುರಕ್ಷಿತವಾದ ಜಾಗ ಯಾವುದು?

ನನಗೆ ಹೆಚ್ಚು ಭರವಸೆ ಇರುವುದು ವೈರಿಗಳ ಸಾಕ್ಷ್ಯದಲ್ಲಿ. 1223ರ ಸುಮಾರಿಗೆ ಸೂಫಿ ನಜ್ಮುದ್ದೀನ್ ರಾಜಿ ಖಯ್ಯಾಮನ ಎರಡು ರುಬಾಯಿಗಳನ್ನು ಉದ್ಧರಿಸಿ, ಬರೆದವನು ದಾರಿತಪ್ಪಿದವನೆಂದು ಜರೆದ. ಬೈಯಲು ಹೊರಟವನು ಹೊಸದಾಗಿ ಪದ್ಯ ಕಟ್ಟುವ ಶ್ರಮ ತೆಗೆದುಕೊಳ್ಳುವುದಿಲ್ಲ.

‘ಪ್ರಾಚೀನ ಪ್ರತಿ’ ಮಾರುವವರು ಎದುರಾದರೆ ಜೇಬು ಮುಚ್ಚಿಕೊಳ್ಳಿ. 1207ರದೆಂದು ಕಳೆದ ಶತಮಾನದ ನಡುವೆ ಕೇಂಬ್ರಿಜ್‌ಗೆ ಮಾರಿದ ಹಸ್ತಪ್ರತಿ ನಕಲಿಯಾಗಿತ್ತು, ಆರ್ಬೆರಿಯಂಥ ಪಾರಸಿ ವಿದ್ವಾಂಸರೇ ಬೇಸ್ತು ಬಿದ್ದರು. ಇನ್ನು ಡಿವಿಜಿಯವರ ‘ಉಮರನ ಒಸಗೆ’ಯನ್ನು ಮುಂದಿಟ್ಟು ನನ್ನೊಡನೆ ವಾದಕ್ಕಿಳಿಯುವವರಿಗೆ: ಅದು ಫಿಟ್ಸ್‌ಜೆರಾಲ್ಡನ ಇಂಗ್ಲಿಷಿನಿಂದ ಹುಟ್ಟಿದ ಒಳ್ಳೆಯ ಕನ್ನಡ ಕಾವ್ಯ. ಪಾರಸಿ ಮೂಲಕ್ಕೆ ಅದು ಸಾಕ್ಷಿಯಾಗಲಾರದು.

ಅನುಮಾನವಿಲ್ಲದ ಖಯ್ಯಾಮ್ ಬೇಕಿದ್ದರೆ ಅವನ ಬೀಜಗಣಿತ ಓದಿ. ಘನ ಸಮೀಕರಣಗಳನ್ನು ವಿಂಗಡಿಸಿ, ಪರವಲಯ, ವೃತ್ತಗಳು ಒಂದನ್ನೊಂದು ಕತ್ತರಿಸುವ ಬಿಂದುಗಳಿಂದ ಉತ್ತರ ತೆಗೆದವನು ಅವನು. ಅದನ್ನು ಯಾರೂ ಕೇಳುವುದಿಲ್ಲ.

ಪ್ರಶ್ನೆ: ಅವನು ಕುಡುಕನೋ ಸೂಫಿಯೋ?

ಉತ್ತರ: ಪದ್ಯಗಳೇ ಅವನವೆಂದು ಖಾತ್ರಿಯಿಲ್ಲದಿರುವಾಗ ಮದ್ಯದ ವಿಚಾರಣೆ ಬೇಡ.

ಪ್ರಶ್ನೆ: ಖಯ್ಯಾಮನ ಜ್ಯೋತಿಷ್ಯ ಪದ್ಧತಿಯನ್ನು ಎಲ್ಲಿ ಕಲಿಯಬಹುದು?

ಉತ್ತರ: ಕಲಿಸುತ್ತೇನೆನ್ನುವವರು ವಂಚಕರು. ಫಲಜ್ಯೋತಿಷ್ಯದಲ್ಲಿ ಅವನಿಗೆ ಹೆಚ್ಚು ನಂಬಿಕೆ ಇದ್ದಂತೆ ಕಾಣಲಿಲ್ಲವೆಂದು ಅರೂಜಿಯೇ ಬರೆದಿದ್ದಾನೆ.

ಪ್ರಶ್ನೆ: ವಜೀರ ನಿಜಾಮುಲ್ ಮುಲ್ಕ್ ಅವನ ಸಹಪಾಠಿಯಂತೆ, ಹೌದೇ?

ಉತ್ತರ: ವಜೀರ ಹುಟ್ಟಿದ್ದು 1018ರಲ್ಲಿ, ಖಯ್ಯಾಮ್ 1048ರಲ್ಲಿ. ಅಷ್ಟು ವರ್ಷ ಒಂದೇ ತರಗತಿಯಲ್ಲಿ ನಪಾಸಾಗಿ ಕುಳಿತಿದ್ದವನನ್ನು ಸುಲ್ತಾನ ವಜೀರನನ್ನಾಗಿ ಮಾಡಿಕೊಳ್ಳುತ್ತಿರಲಿಲ್ಲ.